ಕೂಗದ ಮೇಷ್ಟ್ರು

ಇವತ್ತು ನನ್ನ ದನಿಗೆ ಹೆದರಿ ನೀವು ರಿಮೋಟ್ ಹುಡುಕಬೇಕಾಗಿಲ್ಲ. ಮೆತ್ತಗೇ ಮಾತಾಡ್ತೀನಿ. ಹೇಳಹೊರಟಿರೋದು ಬಾಬ್ ರಾಸ್ ಎಂಬ ಅಮೆರಿಕದ ಡ್ರಾಯಿಂಗ್ ಮೇಷ್ಟ್ರ ಕಥೆ.

1942ರಲ್ಲಿ ಫ್ಲೋರಿಡಾದಲ್ಲಿ ಹುಟ್ಟಿದವರು. ಅಪ್ಪ ಬಡಗಿ. ಆ ಮರಗೆಲಸದಲ್ಲೇ ಎಡಗೈ ತೋರುಬೆರಳಿನ ತುದಿ ಕಳೆದುಕೊಂಡರು. ಆಮೇಲೆ 20 ವರ್ಷ ವಾಯುಪಡೆ. ಹಿಮದ ಬೆಟ್ಟಗಳನ್ನು ಕಂಡದ್ದು ಅಲಾಸ್ಕಾದ ಪೋಸ್ಟಿಂಗ್‌ನಲ್ಲಿ. ಅಲ್ಲಿ ಅವರ ಕೆಲಸ ಏನು ಗೊತ್ತಾ? ಹಾಸಿಗೆ ಸರಿಯಾಗಿ ಮಡಚಿಲ್ಲ, ತಡವಾಗಿ ಬಂದೆ ಅಂತ ಹುಡುಗರ ಮೇಲೆ ಕೂಗಾಡೋದು! ಸೇನೆ ಬಿಟ್ಟ ಮೇಲೆ ಇನ್ನು ಯಾರ ಮೇಲೂ ದನಿ ಎತ್ತಲ್ಲ ಅಂತ ತೀರ್ಮಾನ ಮಾಡಿದರು.

1983ರಲ್ಲಿ ‘ದಿ ಜಾಯ್ ಆಫ್ ಪೇಂಟಿಂಗ್’ ಶುರುವಾಯ್ತು. ಕಪ್ಪು ಪರದೆ, ಒಂದು ಕ್ಯಾನ್ವಾಸ್, ಗುಂಗುರು ಕೂದಲಿನ ಒಬ್ಬ ಮನುಷ್ಯ. ಅಷ್ಟೇ ಸೆಟ್ಟು. ತೈಲವರ್ಣ ಒಣಗೋಕೆ ದಿನಗಟ್ಟಲೆ ಬೇಕು. ಆದರೆ ಬಿಲ್ ಅಲೆಕ್ಸಾಂಡರ್ ಎಂಬ ಕಲಾವಿದರಿಂದ ಕಲಿತ ವಿಧಾನದಲ್ಲಿ, ಹಸಿ ಬಣ್ಣದ ಮೇಲೇ ಹಸಿ ಬಣ್ಣ ಬಳಿದು ಅರ್ಧ ಗಂಟೆಯೊಳಗೆ ಬೆಟ್ಟ, ಕೆರೆ, ಮರ ಎಲ್ಲ ನಿಲ್ಲಿಸ್ತಿದ್ದರು. ನಾನು ಇಂಜಿನಿಯರಿಂಗ್ ಓದಿದವನು, ಕಾಯೋ ಸಮಯ ಉಳಿಸೋ ಉಪಾಯ ಕಂಡರೆ ಈಗಲೂ ಖುಷಿಯಾಗುತ್ತೆ.

ಸಂತರೇನಲ್ಲ ಬಿಡಿ. ಕಾರ್ಯಕ್ರಮಕ್ಕೆ ಸಂಭಾವನೆ ಇಲ್ಲದಿದ್ದರೂ ಬಣ್ಣ, ಬ್ರಷ್, ತರಗತಿಗಳಿಂದ ದುಡ್ಡು ಬರ್ತಿತ್ತು. ಆ ಗುಂಗುರು ಕೂಡ ಕ್ಷೌರದ ಖರ್ಚು ಉಳಿಸೋಕೆ ಮಾಡಿಸಿಕೊಂಡದ್ದು.

ನನ್ನನ್ನು ಹಿಡಿದು ಕೂರಿಸಿದ್ದು ಒಂದೇ ಕಂತು. ಒಬ್ಬರು ಬಂದು, ‘ನನಗೆ ಬಣ್ಣ ಗೊತ್ತಾಗಲ್ಲ, ನಾನು ಚಿತ್ರ ಬರೆಯೋದು ಆಗದ ಮಾತು’ ಅಂದಿದ್ದರಂತೆ. ವರ್ಣಾಂಧತೆ. ರಾಸ್ ಅವರಿಗೆ ಸಮಾಧಾನದ ಭಾಷಣ ಮಾಡಲಿಲ್ಲ. ಬೂದು ಬಣ್ಣದಲ್ಲೇ ಒಂದು ಇಡೀ ಚಿತ್ರ ಬರೆದು ತೋರಿಸಿದರು. ಟಿವಿ ಮುಂದೆ ಲಕ್ಷಾಂತರ ಜನ ಕೂತಿರ್ತಾರೆ ಅಂತ ನಾವು ಅಂದ್ಕೋತೀವಿ. ಅವರು ಮಾತಾಡ್ತಿದ್ದದ್ದು ಒಬ್ಬರ ಜೊತೆ. ‘ನೀವೂ ಬರೀಬಹುದು’ ಅಂದಾಗ ನೋಡೋ ಪ್ರತಿಯೊಬ್ಬರೂ ಅದು ತನಗೇ ಹೇಳಿದ್ದು ಅಂದುಕೊಳ್ಳೋರು.

ಇನ್ನು ನಾನು. ಡಿಬೇಟ್ ನಡೆಯುವಾಗ ಕಿವಿಯಲ್ಲಿ ‘ಎನರ್ಜಿ, ಎನರ್ಜಿ’ ಅಂತಿರ್ತಾರೆ. ಏರಿಸ್ತೀನಿ. ಎದುರಿನವರೂ ಏರಿಸ್ತಾರೆ. ಊರಲ್ಲಿ ನಮ್ಮಮ್ಮ ನನ್ನ ಕಾರ್ಯಕ್ರಮ ಒಂದೂ ತಪ್ಪಿಸಲ್ಲ, ಆದರೆ ಮ್ಯೂಟ್ ಮಾಡಿ ನೋಡ್ತಾಳೆ. ಕೇಳಿದರೆ, ‘ಮುಖ ಕಂಡರೆ ಸಾಕು ಕಣೋ, ನೀನು ಯಾರಿಗೆ ಬೈತಿದ್ದೀಯೋ ನಂಗೇನು ಗೊತ್ತು?’ ಅಂತಾಳೆ. ನಗು ಬಂತು. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಮೆತ್ತಗೆ ಮಾತಾಡಿದರೆ ಜನ ಚಾನೆಲ್ ಬದಲಿಸ್ತಾರೆ ಅನ್ನೋದು ನಮ್ಮ ಧಂದೆಯ ನಂಬಿಕೆ. ರಾಸ್ 1994ರವರೆಗೆ 403 ಕಂತು ಮಾಡಿದರು. ಮರುವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು 52. ನಾನು ಅವರನ್ನು ನೋಡಿದ್ದು ಹಾಸ್ಟೆಲ್‌ನಲ್ಲಿ, ಯೂಟ್ಯೂಬ್‌ನಲ್ಲಿ, ಮಾರನೇ ದಿನ ಪರೀಕ್ಷೆ ಇಟ್ಟುಕೊಂಡು. ಬ್ರಷ್ ಕ್ಯಾನ್ವಾಸಿಗೆ ತಾಗೋ ಸದ್ದಷ್ಟೇ ಕೇಳ್ತಿತ್ತು, ಪಕ್ಕದ ರೂಮಿನವನೂ ಬಂದು ಕೂತಿದ್ದ.

ರಾತ್ರಿ 9ಕ್ಕೆ ಡಿಬೇಟ್ ಇದೆ. ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೀನಿ, ಇವತ್ತೊಂದು ದಿನ ಸೌಂಡ್ ಇಟ್ಟು ನೋಡು ಅಂತ.