ಗೋದಾವರಿಯ ಮೀನಾದರೆ ಆದೀತೇ?



ನಮ್ಮ ಕರಾವಳಿಯವರು ನಾಶಿಕ್‌ಗೆ ಹೋಗಿ ನೆಲೆಸಿದರೆ ಮೀನಂಗಡಿಯಲ್ಲಿ ಹೊಸ ಹೆಸರು ಕಲಿಯಬೇಕು. ಅಂಜಲ್ ಅಲ್ಲಿ ಸುರಮಯಿ, ಬಂಗುಡೆ ಬಾಂಗಡಾ, ಬೂತಾಯಿ ತಾರ್ಲಿ. ಮೀನು ತಿಂದರೆ ಮೈಯೆಲ್ಲ ದದ್ದು ಏಳುವವರಿಗೆ ಒಂದು ಆಸೆಯೂ ಹುಟ್ಟುತ್ತದೆ. ಸಮುದ್ರದ್ದು ಆಗದಿದ್ದರೇನು, ಗೋದಾವರಿಯ ರೋಹು, ಕಾಟ್ಲಾ ಆದೀತಲ್ಲ? ಛತ್ರಪತಿ ಸಂಭಾಜಿನಗರದ ಹತ್ತಿರ, ಪೈಠಣದ ಜಾಯಕವಾಡಿಯದು ಸಿಹಿನೀರಿನ ಮೀನು ತಾನೆ?

ಉತ್ತರ ಹುಡುಕುತ್ತ ಹೋದರೆ 1921ಕ್ಕೆ, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್‌ಗೆ ಹೋಗಬೇಕು. ಕುಸ್ಟ್‌ನರ್ ಎಂಬ ವೈದ್ಯರಿಗೆ ಮೀನು ಆಗುತ್ತಿರಲಿಲ್ಲ. ಸಹೋದ್ಯೋಗಿ ಪ್ರೌಸ್ನಿಟ್ಸ್‌ಗೆ ಆ ತೊಂದರೆಯೇ ಇರಲಿಲ್ಲ. ಅವರು ಕುಸ್ಟ್‌ನರ್ ರಕ್ತದ ಸೀರಮ್ಮನ್ನು ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದರು. ಜಾಗ ಕೆಂಪಾಗಿ ಊದಿಕೊಂಡಿತು! ಇಂದಾದರೆ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಲಿಕ್ಕಿಲ್ಲ. ಆದರೆ ಮುನಿಸು ಹೊಟ್ಟೆಯದಲ್ಲ, ರಕ್ತದ್ದು ಎಂಬುದು ಆಗ ಖಚಿತವಾಯಿತು. ರಕ್ತದಲ್ಲಿರುವ ಆ ವಸ್ತು ಐಜಿಇ ಎಂಬ ಪ್ರತಿಕಾಯ ಎಂದು ಗೊತ್ತಾಗಲು 1960ರ ದಶಕವೇ ಬರಬೇಕಾಯಿತು.

ಮೀನಿನ ಒಳಗಿನ ಅಪರಾಧಿ ಯಾರು? ನಾರ್ವೆಯವರು ಕಾಡ್ ಮೀನಿನಲ್ಲಿ ಹುಡುಕಿ ಹಿಡಿದದ್ದು ಪಾರ್ವಾಲ್ಬುಮಿನ್ ಎಂಬ ಸ್ನಾಯುವಿನ ಪ್ರೋಟೀನು. ಕುದಿಸಿದರೂ ಹುರಿದರೂ ಜಗ್ಗದ ಗಟ್ಟಿ ಜಾತಿ. 1973ರಲ್ಲಿ ಇದರ ರಚನೆ ಬಿಡಿಸಿಟ್ಟಾಗ ಬಳಸಿದ್ದು ಸಿಹಿನೀರಿನ ಕಾರ್ಪ್ ಮೀನಿನದು. ರೋಹು, ಕಾಟ್ಲಾ ಅದೇ ಕುಲದವು. ಗೋದಾವರಿಯ ಆಸೆ ಅಲ್ಲಿಗೆ ಮುಗಿಯಿತು.

ಹಾಗಂತ ಎಲ್ಲ ಮೀನೂ ಒಂದೇ ಅಲ್ಲ. ಬಿಳಿ ಮಾಂಸದಲ್ಲಿ ಈ ಪ್ರೋಟೀನು ಹೆಚ್ಚು, ಕಪ್ಪು ಮಾಂಸದಲ್ಲಿ ಕಡಿಮೆ. ಟ್ಯೂನಾ, ಅದರಲ್ಲೂ ಡಬ್ಬಿಯದು, ಕೆಲವರಿಗೆ ಒಗ್ಗುವುದು ಹಾಗಾಗಿ. ಮೆದು ಎಲುಬಿನ ತೊರಕೆಯಲ್ಲಿರುವುದು ಬೇರೆ ಬಗೆಯ ಪಾರ್ವಾಲ್ಬುಮಿನ್. 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಮೀನಿನ ಅಲರ್ಜಿಯವರಲ್ಲಿ ಹೆಚ್ಚಿನವರು ತೊರಕೆ ತಿಂದು ಸುಖವಾಗಿಯೇ ಇದ್ದರು. ಸಿಗಡಿಯ ಕಥೆ ಬೇರೆ, ಅದರ ಪ್ರೋಟೀನೂ ಬೇರೆ. ಆದರೆ ಬಂಗುಡೆ ಕಾಯಿಸಿದ ಕಾವಲಿಯಲ್ಲೇ ಸಿಗಡಿ ಹುರಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮೋಸವಿದೆ. ಸಮುದ್ರದಿಂದ ದೂರದ ಊರಿಗೆ ಬರುವ ಬಂಗುಡೆಯ ಐಸು ಕರಗಿ ಮೀನು ಕೆಟ್ಟರೆ ಅದರಲ್ಲಿ ಹಿಸ್ಟಮಿನ್ ಕೂಡಿಕೊಳ್ಳುತ್ತದೆ. ಬೇಯಿಸಿದರೂ ಹೋಗದು. ತಿಂದವರಿಗೆ ಮುಖ ಕೆಂಪಾಗಿ ತುರಿಕೆ ಬರುತ್ತದೆ. ಅದು ಅಲರ್ಜಿಯಲ್ಲ, ವಿಷ. ಇದು ತಿಳಿಯದೆ ಮೀನನ್ನೇ ಬಿಟ್ಟವರೂ ಇರಬಹುದು.

ಆದ್ದರಿಂದ ತೊರಕೆ ತಂದು ಮನೆಯಲ್ಲೇ ಪರೀಕ್ಷೆಗೆ ಇಳಿಯಬೇಡಿ. ಯಾವ ಮೀನು, ತಿಂದ ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದಿಟ್ಟು ಅಲರ್ಜಿ ವೈದ್ಯರಿಗೆ ತೋರಿಸಿ. ಮೊದಲ ತುತ್ತನ್ನು ಆಸ್ಪತ್ರೆಯಲ್ಲಿ, ಅವರ ಕಣ್ಣೆದುರೇ ತಿನ್ನಿ.