ಸ್ತ್ರೀಯರ ಕ್ರಿಕೆಟ್ ಪಂದ್ಯಾಟಗಳು ನಡೆದು ಬಂದ ದಾರಿ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹಿಂದಿನ ಕೂಟ ಮುಗಿದ ಮೇಲೆ ಸದಸ್ಯರೊಬ್ಬರು ನಮ್ಮನ್ನು ಮೆಟ್ಟಿಲ ಬಳಿ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅವರ ಮಗಳಿಗೆ ಹದಿಮೂರು ವರ್ಷ. ಮೈದಾನಕ್ಕೆ ಹೋಗಿ ಕ್ರಿಕೆಟ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳಂತೆ. "ಹೆಣ್ಣು ಹುಡುಗಿ ಕ್ರಿಕೆಟ್ ಆಡಿದರೆ ನಾಳೆ ಹೊಟ್ಟೆಗೇನು?" ಎಂದರು. ಇದು ಹಾಸ್ಯದ ಮಾತಲ್ಲ. ಲೋಕಲ್ ಗಾಡಿಯ ಪಾಸು, ಬೂಟು, ಬ್ಯಾಟು ಎಲ್ಲವನ್ನೂ ಒಂದೇ ಸಂಬಳದಲ್ಲಿ ಹೊಂದಿಸಬೇಕಾದ ತಂದೆಯ ಪ್ರಶ್ನೆ. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಈ ಪಂದ್ಯಾಟಗಳ ಚರಿತ್ರೆಯನ್ನು ನಾವು ಓದಿ ನೋಡಿದೆವು.

ಸ್ತ್ರೀಯರ ಮೊದಲ ವಿಶ್ವಕಪ್ ನಡೆದದ್ದು 1973ರಲ್ಲಿ, ಇಂಗ್ಲೆಂಡಿನಲ್ಲಿ. ಗಂಡಸರ ವಿಶ್ವಕಪ್ ಬಂದದ್ದು 1975ರಲ್ಲಿ. ಈ ವಿಷಯದಲ್ಲಿ ಹೆಂಗಸರೇ ಹಿರಿಯರು! ನಮ್ಮ ಮುಂಬಯಿಯಲ್ಲಿ ಅದಕ್ಕೂ ಮುಂಚೆಯೇ ಆಲೂ ಬಾಮ್ಜಿ ಎಂಬ ಮಹಿಳೆ ಹುಡುಗಿಯರಿಗಾಗಿ ಆಲ್ಬೀಸ್ ಎಂಬ ಕ್ರಿಕೆಟ್ ಕ್ಲಬ್ ಕಟ್ಟಿದ್ದರು. 1973ರಲ್ಲಿ ಮಹೇಂದ್ರಕುಮಾರ ಶರ್ಮರು ಲಖನೌದಲ್ಲಿ ಭಾರತೀಯ ಮಹಿಳಾ ಕ್ರಿಕೆಟ್ ಸಂಘವನ್ನು ನೋಂದಾಯಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಮೊದಲ ಅಂತರರಾಜ್ಯ ಪಂದ್ಯಾಟ. ಬಂದ ತಂಡಗಳು ಮೂರೇ: ಮುಂಬಯಿ, ಮಹಾರಾಷ್ಟ್ರ, ಉತ್ತರ ಪ್ರದೇಶ. ವಾರಾಣಸಿಯ ಎರಡನೆಯ ಪಂದ್ಯಾಟಕ್ಕೆ ಎಂಟು, ಕಲ್ಕತ್ತೆಯ ಮೂರನೆಯದಕ್ಕೆ ಹದಿನಾಲ್ಕು ತಂಡಗಳು ಬಂದವು.

1974ರಲ್ಲಿ ಕಾನಪುರದಲ್ಲಿ ವಲಯಗಳ ನಡುವಣ ಪಂದ್ಯಾಟ ಆರಂಭವಾಯಿತು. ಅದರ ಪಾರಿತೋಷಕಕ್ಕೆ ಝಾನ್ಸಿ ರಾಣಿಯ ಹೆಸರು. ರಾಜ್ಯಗಳಿದ್ದ ಮೇಲೆ ವಲಯಗಳೇಕೆ ಎಂದು ಕೇಳಬಹುದು. ದುರ್ಬಲ ರಾಜ್ಯದಲ್ಲಿ ಒಬ್ಬಳೇ ಒಬ್ಬ ಒಳ್ಳೆಯ ಆಟಗಾರ್ತಿ ಇದ್ದಾಳೆನ್ನೋಣ. ಅವಳ ರಾಜ್ಯ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದರೆ ಅವಳನ್ನು ನೋಡುವವರಾರು? ವಲಯದ ತಂಡಕ್ಕೆ ಸೇರಿದರೆ ಆರಿಸುವವರ ಕಣ್ಣಿಗೆ ಬೀಳುತ್ತಾಳೆ. ಪಂದ್ಯಾಟದ ಗುಟ್ಟು ಇದೇ.

ಆ ಕಾಲದ ಆಟಗಾರ್ತಿಯರು ಎಷ್ಟೋ ಸಲ ಸೀಟು ಕಾಯ್ದಿರಿಸದೆ ಪ್ರಯಾಣ ಮಾಡಿದರು. ನೆಲದ ಮೇಲೆ ಮಲಗಿದರು. ಒಂದೇ ಬ್ಯಾಟನ್ನು, ಒಂದೇ ಜೊತೆ ಪ್ಯಾಡನ್ನು ಹಂಚಿಕೊಂಡರು. 1982ರ ನ್ಯೂಜಿಲೆಂಡ್ ವಿಶ್ವಕಪ್ಪಿಗೆ ಹೋಗಲು ತಲಾ 10,000 ರೂಪಾಯಿ ಕೊಡಬೇಕಾಗಿತ್ತೆಂದು ಆಗ ಆಡಿದವರೇ ಹೇಳಿಕೊಂಡಿದ್ದಾರೆ. ದೇಶಕ್ಕಾಗಿ ಆಡುವವರು ದೇಶಕ್ಕೇ ದುಡ್ಡು ಕಟ್ಟುವುದು! ಆ ಕಾಲದ ಗುಮಾಸ್ತನ ಸಂಬಳದಲ್ಲಿ ಅದು ಎಷ್ಟು ತಿಂಗಳ ದುಡಿಮೆಯಾದೀತು, ನೀವೇ ಲೆಕ್ಕ ಹಾಕಿ.

ನಮ್ಮ ಕನ್ನಡ ನಾಡಿನ ಶಾಂತಾ ರಂಗಸ್ವಾಮಿಯವರು ಬೆಳೆದದ್ದು ಈ ಗಾಳಿಯಲ್ಲೇ. 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಸ್ತ್ರೀಯರು ಆಡಿದ ಮೊದಲ ಟೆಸ್ಟಿಗೆ ಅವರೇ ನಾಯಕಿ. ಆ ಸರಣಿಯಲ್ಲಿ ಪಾಟ್ನಾದಲ್ಲಿ ಜಯ ದೊರೆಯಿತು. 1977ರಲ್ಲಿ ಡ್ಯುನೆಡಿನ್‌ನಲ್ಲಿ ಅವರು ಹೊಡೆದ 108 ಭಾರತೀಯ ಮಹಿಳೆಯ ಮೊದಲ ಟೆಸ್ಟ್ ಶತಕ. ಜೀವನಕ್ಕೆ ಮಾತ್ರ ಕೆನರಾ ಬ್ಯಾಂಕಿನ ಕೆಲಸ.

ಹೊಟ್ಟೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಡಯಾನಾ ಎಡುಲ್ಜಿಯವರ ಹೆಸರನ್ನು ಮುಂಬಯಿಯವರಾದ ನಾವು ಮರೆಯಬಾರದು. ಕೊಲಾಬಾದ ರೈಲ್ವೆ ಕಾಲೊನಿಯ ಹುಡುಗಿ, ಎಡಗೈ ಸ್ಪಿನ್ನರ್, 20 ಟೆಸ್ಟುಗಳಲ್ಲಿ 63 ವಿಕೆಟ್. ಆದರೆ ವಿಕೆಟುಗಳಿಗಿಂತ ದೊಡ್ಡದಾಗಿ ನಮಗೆ ಕಾಣುವುದು ಅವರು ರೈಲ್ವೆಯಲ್ಲಿ ಮಾಡಿದ ಕೆಲಸ. ಆಟಗಾರ್ತಿಯರಿಗೆ ನೌಕರಿ ಕೊಡಿ, ತಂಡ ಕಟ್ಟಿ ಎಂದು ಅವರು ಬೆನ್ನು ಹತ್ತಿದರು. 1980ರ ದಶಕದ ನಡುವೆ, ಮಾಧವರಾವ್ ಸಿಂಧಿಯಾ ರೈಲ್ವೆಯ ಮಂತ್ರಿಯಾಗಿದ್ದ ಕಾಲದಲ್ಲಿ, ಆ ಬಾಗಿಲು ತೆರೆಯಿತು. ಏರ್ ಇಂಡಿಯಾ ಕೂಡ ಆಟಗಾರ್ತಿಯರನ್ನು ಕೆಲಸಕ್ಕೆ ತೆಗೆದುಕೊಂಡು ತಂಡ ಕಟ್ಟಿತು.

ಇದರ ಫಲವನ್ನು ಅಂಕಿಗಳಲ್ಲೇ ನೋಡಿ. 2006ರಲ್ಲಿ ಮಹಿಳಾ ಕ್ರಿಕೆಟ್ ಕಂಟ್ರೋಲ್ ಬೋರ್ಡಿನ ಕೈಗೆ ಬಂತು. 2006-07ರಿಂದ ಹಿರಿಯ ಮಹಿಳೆಯರ ಏಕದಿನ ಪಂದ್ಯಾಟ ನಡೆಯುತ್ತ ಬಂತು. 2023-24ರ ತನಕ ಪೂರ್ತಿಯಾದ ಪಂದ್ಯಾಟಗಳು ಹದಿನೇಳು. ರೈಲ್ವೆ ಗೆದ್ದದ್ದು ಹದಿನೈದು! 2011-12ರಲ್ಲಿ ದಿಲ್ಲಿ, 2018-19ರಲ್ಲಿ ಬಂಗಾಲ, ಇಷ್ಟೇ ಅಪವಾದ. 2024-25ರಲ್ಲಿ ಮಧ್ಯಪ್ರದೇಶ ಗೆದ್ದು ಈ ಸರಪಳಿಯನ್ನು ಮತ್ತೊಮ್ಮೆ ಕಡಿಯಿತು. ಒಬ್ಬರೇ ಗೆಲ್ಲುವ ಪಂದ್ಯಾಟ ಸಪ್ಪೆಯೆಂದು ಕೆಲವರು ಗೊಣಗುತ್ತಾರೆ. ಸಪ್ಪೆಯೇ ಸರಿ, ಆದರೆ ಅದು ರೈಲ್ವೆಯ ತಪ್ಪೇ? ಸಂಬಳ ಕೊಟ್ಟವರ ಕಡೆಗೆ ಆಟಗಾರ್ತಿಯರು ಹೋದರು. ನಾವೆಲ್ಲ ಊರು ಬಿಟ್ಟು ಇಲ್ಲಿಗೆ ಬಂದದ್ದು ಇನ್ನೇತಕ್ಕೆ?

ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಕೂಡ ಕರ್ನಾಟಕಕ್ಕೆ ಆಡಿ, ರೈಲ್ವೆಗೂ ಆಡಿದವರು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಐದು ವಿಕೆಟುಗಳನ್ನು ಕೇವಲ 15 ರನ್ನಿಗೆ ಕಿತ್ತರು. 2025ರ ನವೆಂಬರ್ 2ರಂದು ನವಿ ಮುಂಬಯಿಯ ಡಿ. ವೈ. ಪಾಟೀಲ್ ಮೈದಾನದಲ್ಲಿ ಭಾರತ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಿತಲ್ಲ, ಅಂದಿನ ನಾಯಕಿ ಹರ್ಮನ್‌ಪ್ರೀತ್ ಕೌರ್ ಹಿಂದೆ ಪಶ್ಚಿಮ ರೈಲ್ವೆಯ ನೌಕರಿಗೆಂದೇ ಮುಂಬಯಿಗೆ ಬಂದವರು.

ಆ ತಂದೆಗೆ ನಾವು ಕೊಟ್ಟ ಉತ್ತರ ಇಷ್ಟು: ವಿಶ್ವಕಪ್ ಎಲ್ಲರಿಗೂ ಸಿಗದು, ಆ ಆಸೆ ತೋರಿಸಿ ನಿಮಗೆ ಮೋಸ ಮಾಡಲಾರೆವು. ಆದರೆ ಇಂದು ಆಟದಿಂದ ನೌಕರಿಯ ಹಾದಿಯೊಂದಿದೆ. ಓದನ್ನು ಬಿಡಿಸದೆ ಎರಡು ವರ್ಷ ಮೈದಾನಕ್ಕೆ ಕಳುಹಿಸಿ ನೋಡಿ. ಅವರು ಇನ್ನೂ ಒಪ್ಪಿಲ್ಲ. ಹುಡುಗಿ ಮಾತ್ರ ಇಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಳೆ.

ಕೊನೆಯದಾಗಿ ಒಂದು ವಿನಂತಿ. ಝಾನ್ಸಿ ರಾಣಿ ಪಾರಿತೋಷಕದ ಕಾಲದ ಎಷ್ಟೋ ಪಂದ್ಯಗಳ ಅಂಕಪಟ್ಟಿ ಇಂದು ಸಿಗುವುದಿಲ್ಲ. ಲೆಕ್ಕ ಬರೆದು ಬದುಕುವ ನಮಗೆ ಇದು ಬಹಳ ನೋವಿನ ಸಂಗತಿ. ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಆ ಪಂದ್ಯಗಳ ಪತ್ರಿಕಾ ತುಣುಕು ಉಳಿದಿದ್ದರೆ ತಂದುಕೊಡಿ, ವಾಚನಾಲಯದ ದಫ್ತರಿನಲ್ಲಿ ಅಂಟಿಸಿಡುತ್ತೇವೆ. ಹಾಗೆಯೇ ನಮ್ಮ ಮೇಜಿನ ಪತ್ರಿಕೆಗಳಿಂದ ಕ್ರೀಡಾಪುಟವನ್ನು ಹರಿದುಕೊಂಡು ಹೋಗುವ ಮಹನೀಯರು ಅದನ್ನೂ ದಯವಿಟ್ಟು ಹಿಂದಿರುಗಿಸಬೇಕು.