ಘಾಟಿಯಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ

ಮಳೆಗಾಲದಲ್ಲಿ ಮಂಗಳೂರಿಂದ ಘಾಟಿ ಹತ್ತುವವರು ಹೊರಡುವ ಮೊದಲು ಏನು ನೋಡ್ತಾರೆ? ಟಯರು, ಬ್ರೇಕು, ವೈಪರು. ನೋಡ್ಲೇಬೇಕು. ಆದ್ರೆ ಅಲ್ಲಿ ಗಾಡಿ ಕೈಕೊಡುವುದಕ್ಕಿಂತ ರಸ್ತೆ ಕೈಕೊಡುವ ಭಯವೇ ಹೆಚ್ಚು ಮಾರಾಯ್ರೇ.

2018ರ ಜೂನ್ ನೆನಪುಂಟಾ? ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಬಸ್ಸು, ಕಾರು, ಲಾರಿ ಎಲ್ಲ ಸಾಲಾಗಿ ನಿಂತುಬಿಟ್ಟವು. ಮುಂದೆ ಮಣ್ಣು, ಹಿಂದೆ ಲಾರಿ. ತಿರುಗಿಸ್ಲಿಕ್ಕೆ ಜಾಗ ಎಲ್ಲಿ? ಜನ ರಾತ್ರಿಯಿಡೀ ಗಾಡಿಯಲ್ಲೇ ಕೂತರು. ಅದೇ ವರ್ಷ ಆಗಸ್ಟಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಡಿಕೇರಿ ರಸ್ತೆಯೂ ಕಡಿದುಹೋಯ್ತು. ಮರುವರ್ಷ ಪುನಃ ಚಾರ್ಮಾಡಿ.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಒಂದು ರಾತ್ರಿ ಗಾಡಿಯಲ್ಲಿ ಕೂರುವಷ್ಟು ಸಾಮಾನು ಇಲ್ಲದೆ ಘಾಟಿ ಹತ್ತಬಾರದು. ನೀರು, ಟಾರ್ಚ್, ಪವರ್ ಬ್ಯಾಂಕ್, ಬೆಡ್‌ಶೀಟ್, ಮನೆಯ ಹಿರಿಯರ ಬಿಪಿ-ಶುಗರ್ ಮಾತ್ರೆ. ಮಾತ್ರೆಯನ್ನೇ ಹೆಚ್ಚಿನವರು ಮರೆಯೋದು. ತಿನ್ನಲಿಕ್ಕೆ ಬನ್ಸ್ ಕಟ್ಟಿಸ್ಕೊಳ್ಳಿ, ಮರುದಿನಕ್ಕೂ ಆಗ್ತದೆ. ಪೆಟ್ರೋಲ್ ಉಜಿರೆಯಲ್ಲೋ ಉಪ್ಪಿನಂಗಡಿಯಲ್ಲೋ ತುಂಬಿಸಿ.

ನಿಂತದ್ದೆಲ್ಲಿ ಅನ್ನೋದೂ ಮುಖ್ಯ. ಕಡಿದ ಗುಡ್ಡದ ಬುಡದಲ್ಲಿ ಬೇಡ, ತೋಡು ರಸ್ತೆ ದಾಟುವಲ್ಲಂತೂ ಬೇಡವೇ ಬೇಡ. ಜಲಪಾತದ ಎದುರು ಸೆಲ್ಫಿಗೆ ನಿಲ್ಲಿಸುವವರಿಗೆ ಇದನ್ನು ಎಷ್ಟು ಹೇಳಿದ್ರೂ ಅಷ್ಟೇ. ಚರಂಡಿಯ ನೀರು ನೋಡ್ತಾ ಇರಿ. ತಿಳಿಯಾಗಿ ಹರಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಂಪಾಯ್ತು, ಅಥವಾ ಜೋರು ಮಳೆಯಲ್ಲೂ ನಿಂತೇಹೋಯ್ತು ಅಂದ್ರೆ ಮೇಲೆ ಮಣ್ಣು ಸರಿಯುತ್ತಿರಬಹುದು. ಸಣ್ಣ ಕಲ್ಲು ಟಪಟಪ ಉದುರಿದ್ರೂ ಅದೇ. ಆಗ ಗಾಡಿಯ ಆಸೆ ಬಿಟ್ಟು ಆ ಜಾಗದಿಂದ ದೂರ ನಡೀರಿ. ಗಾಡಿಯಲ್ಲೇ ಕೂತಿರುವಾಗ ಸೈಲೆನ್ಸರಿನ ಬಾಯಿ ಮಣ್ಣಲ್ಲಿ ಮುಚ್ಚಿದ್ರೆ ಎಂಜಿನ್ ಆನ್ ಇಡ್ಬೇಡಿ, ವಿಷದ ಹೊಗೆ ಒಳಗೆ ನುಗ್ತದೆ.

ಬಿಸಿಲೆ ಘಾಟಿಯ ಕಥೆ ಬೇರೆಯೇ. ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದದಿಂದ ಹತ್ತಿದ್ರೆ ದಟ್ಟ ಕಾಡು, ನೆಟ್‌ವರ್ಕ್ ನಂಬುವ ಹಾಗಿಲ್ಲ, ಆನೆ ಉಂಟು. ಅಲ್ಲಿ ಹಿಂದಿನಿಂದ ಲಾರಿ ಸಾಲೂ ಬರೋದಿಲ್ಲ, ನೀವು ಸಿಕ್ಕಿಬಿದ್ದದ್ದು ಯಾರಿಗೂ ಗೊತ್ತಾಗೋದಿಲ್ಲ. ಸಿಗ್ನಲ್ ಇರುವಾಗಲೇ ಮನೆಗೆ ಫೋನ್ ಮಾಡಿ, ಯಾವ ದಾರಿ, ಎಷ್ಟು ಗಂಟೆಗೆ ಆಚೆ ತಲುಪ್ತೀರಿ ಹೇಳಿಬಿಡಿ. ಆ ಹೊತ್ತು ಮೀರಿದ್ರೆ ಪೊಲೀಸರಿಗೆ ತಿಳಿಸುವುದು ಮನೆಯವರ ಕೆಲಸ.

ಇನ್ನು ನಂಬರು. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ರೂ ತುರ್ತು ಸೇವೆಯ 112ಕ್ಕೆ ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಸಿಕ್ಕಿದ್ರೆ ಕಾಲ್ ಹೋಗ್ತದೆ. 1077 ಆಯಾ ಜಿಲ್ಲೆಯ ಕಂಟ್ರೋಲ್ ರೂಮಿನದ್ದು. ಮೊಬೈಲಿಂದ ಮಾಡುವಾಗ ಅದರ ಮೊದಲು ಎಸ್‌ಟಿಡಿ ಕೋಡ್ ಹಾಕಿ: ದಕ್ಷಿಣ ಕನ್ನಡಕ್ಕೆ 0824, ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದ ಕಡೆಗೆ ಮುಟ್ಟಿದ್ರೆ ಅದು ಚಿಕ್ಕಮಗಳೂರು, 08262.